ಗಂಡ ಕೆನಡಾದಲ್ಲಿ, ನಾನು ಉಡುಪಿಯಲ್ಲಿ: ಕಾಯುವ ದಿನಗಳನ್ನು ನೀವು ಹೇಗೆ ಕಳೆದಿರಿ?

ಪ್ರಶ್ನೆ, ಉಡುಪಿಯಿಂದ

ನಮಸ್ಕಾರ. ನನಗೆ 28 ವರ್ಷ. ಉಡುಪಿಯ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಕಳೆದ ಡಿಸೆಂಬರ್‌ನಲ್ಲಿ ಮದುವೆಯಾಯಿತು. ಯಜಮಾನರು ಒಂಟಾರಿಯೊದಲ್ಲಿದ್ದಾರೆ, ಕೆನಡಾದ ಕಾಯಂ ನಿವಾಸಿ. ಮದುವೆಯಾದ ಹದಿನೆಂಟನೆಯ ದಿನ ಅವರು ಹಿಂದಿರುಗಿದರು. ನನ್ನನ್ನು ಅಲ್ಲಿಗೆ ಕಾಯಂ ಆಗಿ ಕರೆಸಿಕೊಳ್ಳುವ ಸ್ಪಾನ್ಸರ್‌ಶಿಪ್ ಅರ್ಜಿಗೆ ಈಗ ಕಾಗದಪತ್ರ ಒಟ್ಟುಮಾಡುತ್ತಿದ್ದೇವೆ. ಕಡಿಮೆಯೆಂದರೂ ಒಂದು ವರ್ಷ ಬೇಕು ಎನ್ನುತ್ತಾರೆ. ಕೆಲಸ ಬಿಡಲೇ? ಅತ್ತೆಯ ಮನೆ ಕಾಪುವಿನಲ್ಲಿ, ತವರು ಪರ್ಕಳದಲ್ಲಿ, ನಾನು ಎಲ್ಲಿರುವುದು ಸರಿ? ಅರ್ಜಿ ನಡೆಯುತ್ತಿರುವಾಗ ವಿಸಿಟರ್ ವೀಸಾಕ್ಕೆ ಹಾಕಬಹುದೇ? ಎರಡು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ. ಈ ದಾರಿಯಲ್ಲಿ ನಡೆದು ಬಂದವರು ದಯವಿಟ್ಟು ಹೇಳಿ.

ಬ್ರಹ್ಮಾವರದವಳು, ಈಗ ಮಿಸಿಸಾಗಾದಲ್ಲಿ

ತಂಗೀ, ಮೊದಲು ಕೆಲಸದ ಮಾತು. ನಾನು ಎಡವಿದ್ದು ಅಲ್ಲಿಯೇ. ಕೆಲಸ ಬಿಡಬೇಡ.

ನನ್ನ ಮದುವೆಯೂ ಡಿಸೆಂಬರ್‌ನಲ್ಲೇ ಆಗಿತ್ತು. ಫೆಬ್ರವರಿಯಲ್ಲಿ ಮಣಿಪಾಲದ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಇನ್ನೇನು ಹೊರಡುವವಳಿಗೆ ಈ ಓಡಾಟ ಯಾಕೆ ಎಂದು ಎರಡೂ ಮನೆಯವರು ಹೇಳಿದರು, ನನಗೂ ಹೌದೆನ್ನಿಸಿತು. ಹೊರಟದ್ದು ಮದುವೆಯಾದ ಇಪ್ಪತ್ತೆರಡನೆಯ ತಿಂಗಳಲ್ಲಿ. ನಡುವಿನ ಅಷ್ಟೂ ದಿನ ಬೆಳಿಗ್ಗೆ ಎದ್ದ ಕೂಡಲೇ ಅರ್ಜಿಯ ಸ್ಥಿತಿ ತೋರಿಸುವ ಪುಟ ತೆರೆಯುವುದು, ಏನೂ ಬದಲಾಗಿಲ್ಲ ಎಂದು ಮುಚ್ಚುವುದು, ಮಧ್ಯಾಹ್ನ ಮತ್ತೆ ತೆರೆಯುವುದು. ಮಾಡಲು ಬೇರೆ ಕೆಲಸವಿರಲಿಲ್ಲ.

ನಮ್ಮಲ್ಲಿ ಹೊಸ ಮದುಮಗಳು ಆಟಿ ತಿಂಗಳಿಗೆ ತವರಿಗೆ ಹೋಗಿ ಕುಳಿತು ಬರುವ ವಾಡಿಕೆ ನಿನಗೆ ಗೊತ್ತೇ ಇದೆ. ಮೊದಲ ಆಟಿಗೆ ಅಮ್ಮ ಪತ್ರೊಡೆ ಮಾಡಿದರು, ಅಮಾವಾಸ್ಯೆಯ ದಿನ ನಸುಕಿನಲ್ಲೇ ಎಬ್ಬಿಸಿ ಪಾಲೆಮರದ ಕಷಾಯ ಕುಡಿಸಿದರು. ಸಂತೋಷದ ದಿನಗಳವು. ಎರಡನೆಯ ಆಟಿ ಬಂದಾಗಲೂ ನಾನು ಅದೇ ಜಗಲಿಯಲ್ಲಿದ್ದೆ. ಪಕ್ಕದ ಮನೆಯ ದೊಡ್ಡಮ್ಮ ಕೊಡೆ ಮಡಚುತ್ತಾ, ‘ನಿನ್ನ ಆಟಿ ಇನ್ನೂ ಮುಗಿಯಲಿಲ್ಲವೇ ಮಗಳೇ’ ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ನಾನು ಒಳಗೆ ಹೋಗಿ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಆ ಹೊತ್ತಿಗೆ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿರುತ್ತಿದ್ದರೆ ಆ ಪ್ರಶ್ನೆ ನನ್ನ ಮೈಗೆ ಅಷ್ಟು ತಾಗುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಕೆಲಸ ಬಿಟ್ಟದ್ದರಿಂದ ಇನ್ನೊಂದು ನಷ್ಟವೂ ಆಯಿತು, ಅದು ನಿನ್ನ ಮೂರನೆಯ ಪ್ರಶ್ನೆಗೆ ಉತ್ತರ. ಸ್ಪಾನ್ಸರ್‌ಶಿಪ್ ನಡೆಯುತ್ತಿರುವಾಗ ವಿಸಿಟರ್ ವೀಸಾಕ್ಕೆ ಹಾಕಬಹುದು. ಮುಂದೆ ಕಾಯಂ ನೆಲೆಸುವ ಉದ್ದೇಶವಿದ್ದವರೂ ಸದ್ಯಕ್ಕೆ ತಾತ್ಕಾಲಿಕವಾಗಿ ಬರಬಹುದು ಎಂದು ಅಲ್ಲಿನ ಕಾನೂನೇ ಹೇಳುತ್ತದೆ. ಆದರೆ ಅವಧಿ ಮುಗಿದ ಮೇಲೆ ಹಿಂದಿರುಗುತ್ತೀರಿ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ನನ್ನ ಕೈಯಲ್ಲಿ ಕೆಲಸವಿಲ್ಲ, ಸಂಬಳದ ಚೀಟಿಯಿಲ್ಲ, ರಜೆಯ ಪತ್ರವಿಲ್ಲ. ಅರ್ಜಿ ತಿರಸ್ಕೃತವಾಯಿತು. ಅದೇ ವರ್ಷ ನನ್ನ ಚಿಕ್ಕಮ್ಮನ ಮಗಳು, ಅವಳೂ ನನ್ನ ಹಾಗೆಯೇ ಕಾಯುತ್ತಿದ್ದವಳು, ಶಾಲೆಯ ಬೇಸಿಗೆ ರಜೆಯ ಪತ್ರ ಲಗತ್ತಿಸಿ ಹಾಕಿದಳು. ಅವಳಿಗೆ ಸಿಕ್ಕಿತು. ಏಪ್ರಿಲ್, ಮೇ ಎರಡೂ ತಿಂಗಳು ಗಂಡನ ಜೊತೆಗಿದ್ದು ಬಂದಳು. 2023ರ ಮೇ ತಿಂಗಳಲ್ಲಿ ಕೆನಡಾ ಸರ್ಕಾರ ಇಂತಹ ದಂಪತಿಗಳ ವಿಸಿಟರ್ ವೀಸಾವನ್ನು ಬೇಗ ಪರಿಶೀಲಿಸುವುದಾಗಿ ಪ್ರಕಟಿಸಿದ ಮೇಲೆ ನನ್ನ ಪರಿಚಯದ ಹಲವರಿಗೆ ದಾರಿ ಸುಲಭವಾಗಿದೆ. ನಿನ್ನದು ಕಾಲೇಜು ಕೆಲಸ, ರಜೆ ಬರುವುದು ಖಚಿತ, ಆ ಪತ್ರವೇ ನಿನ್ನ ದೊಡ್ಡ ಆಸರೆ. ಒಂದು ಮಾತು ಮಾತ್ರ ಮರೆಯಬೇಡ: ಸ್ಪಾನ್ಸರ್‌ಶಿಪ್ ಅರ್ಜಿ ಹಾಕಿರುವುದನ್ನು ವಿಸಿಟರ್ ವೀಸಾ ಅರ್ಜಿಯಲ್ಲಿ ಮುಚ್ಚಿಡಬೇಡ. ತಪ್ಪು ಮಾಹಿತಿ ಕೊಟ್ಟರೆಂದು ತೀರ್ಮಾನವಾದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ.

ಕಾಗದಪತ್ರದ ವಿಷಯ. ನನ್ನ ಜನನ ಪ್ರಮಾಣಪತ್ರ ಕನ್ನಡದಲ್ಲಿತ್ತು. ಯಜಮಾನರ ಚಿಕ್ಕಪ್ಪ ನಿವೃತ್ತ ಮುಖ್ಯೋಪಾಧ್ಯಾಯರು, ಅವರ ಇಂಗ್ಲಿಷ್ ಇಡೀ ಊರಿಗೇ ಗೊತ್ತು. ಎರಡು ಸಂಜೆ ಕುಳಿತು, ಮುದ್ರೆಯ ಮೇಲಿನ ಮಸುಕಾದ ಅಕ್ಷರವನ್ನೂ ಬಿಡದೆ ಅನುವಾದಿಸಿಕೊಟ್ಟರು. ಮೂರು ತಿಂಗಳ ಮೇಲೆ ಅರ್ಜಿ ಅಪೂರ್ಣವೆಂದು ವಾಪಸು ಬಂತು. ಅರ್ಜಿದಾರರಾಗಲಿ ಅವರ ಕುಟುಂಬದವರಾಗಲಿ ಅನುವಾದ ಮಾಡುವಂತಿಲ್ಲ, ಆ ಪಟ್ಟಿಯಲ್ಲಿ ಚಿಕ್ಕಪ್ಪ, ಮಾವ, ಅತ್ತೆ ಎಲ್ಲರೂ ಸೇರುತ್ತಾರೆ. ಪಾಪ, ಅವರು ವಾರಗಟ್ಟಲೆ ನನ್ನ ಮುಖ ನೋಡಿ ಮಾತನಾಡಲಿಲ್ಲ. ನೀನು ಇಂಗ್ಲಿಷ್ ಉಪನ್ಯಾಸಕಿ, ನೀನೇ ಮಾಡಿಬಿಡುವ ಮನಸ್ಸಾದೀತು. ಬೇಡ. ಹೊರಗಿನವರಿಂದ ಮಾಡಿಸಿ, ಅನುವಾದ ಸರಿಯಾಗಿದೆ ಎಂದು ಅನುವಾದಕರು ಪ್ರಮಾಣ ಮಾಡಿ ಕೊಡುವ ಅಫಿಡವಿಟ್ ಸಹಿತ ಲಗತ್ತಿಸು. ಮದುವೆಯ ಕರೆಯೋಲೆ ಕನ್ನಡದಲ್ಲಿದ್ದರೆ ಅದಕ್ಕೂ ಹೀಗೆಯೇ.

ಮದುವೆ ನಿಜವಾದದ್ದೆಂದು ತೋರಿಸಲು ಫೋಟೋ 20ಕ್ಕಿಂತ ಹೆಚ್ಚು ಕೇಳುವುದಿಲ್ಲ, ಮಾತುಕತೆಯ ಸಂದೇಶಗಳು 10 ಪುಟ ಸಾಕು. ಕಾಪುವಿನ ದೀಪಸ್ತಂಭದ ಮುಂದೆ ಜೋಡಿಯಾಗಿ ನಿಂತ ಹತ್ತು ಫೋಟೋಗಳಿಗಿಂತ, ಬೀಗರ ಊಟದ ಪಂಕ್ತಿಯಲ್ಲಿ ಎರಡೂ ಮನೆಯ ಹಿರಿಯರು ಸಾಲಾಗಿ ಎಲೆಯ ಮುಂದೆ ಕುಳಿತಿರುವ ಒಂದು ಫೋಟೋ ಹೆಚ್ಚು ಹೇಳುತ್ತದೆ. ಐಎಂಎಂ 5532 ಎಂಬ ಫಾರಂನಲ್ಲಿ ನೀವು ಹೇಗೆ ಪರಿಚಯವಾದಿರಿ, ಯಾರು ಪರಿಚಯಿಸಿದರು, ಮದುವೆಗೆ ಯಾರೆಲ್ಲ ಬಂದಿದ್ದರು ಎಂದೆಲ್ಲ ಕೇಳುತ್ತಾರೆ. ನಮ್ಮದು ಜಾತಕ ನೋಡಿ ಹಿರಿಯರು ಕೂಡಿಸಿದ ಮದುವೆ. ಅದನ್ನು ಹಾಗೆಯೇ ಬರೆದೆವು: ಯಾರು ಜಾತಕ ತಂದರು, ಎಂದು ನೋಡಲು ಬಂದರು, ಮೊದಲ ಸಲ ಇಬ್ಬರೇ ಎಷ್ಟು ಹೊತ್ತು ಮಾತನಾಡಿದೆವು. ಪ್ರೇಮಕಥೆಯಂತೆ ತೋರಿಸಬೇಕು ಎಂದು ಒಬ್ಬ ಏಜೆಂಟ್ ಹೇಳಿದ್ದ. ಆ ಮಾತು ಕೇಳಿದ ದಿನವೇ ಅವನನ್ನು ಬಿಟ್ಟೆವು. ಏಜೆಂಟರ ಹತ್ತಿರ ಹೋಗುವುದೇ ಆದರೆ ಅವರ ಪರವಾನಗಿ ಸಂಖ್ಯೆ ಕೇಳಿ, ಕೆನಡಾದ ವಲಸೆ ಸಲಹೆಗಾರರ ಕಾಲೇಜಿನ (ಪರವಾನಗಿ ಕೊಡುವ ಸಂಸ್ಥೆ) ಸಾರ್ವಜನಿಕ ಪಟ್ಟಿಯಲ್ಲಿ ಹೆಸರಿದೆಯೇ ನೋಡು. ಇಲ್ಲದವರಿಗೆ ಒಂದು ರೂಪಾಯಿಯೂ ಕೊಡಬೇಡ.

ಎಲ್ಲಿರಬೇಕು ಎಂದು ಕೇಳಿದ್ದೀಯಲ್ಲ, ಕಾಪುವಿಗೂ ಪರ್ಕಳಕ್ಕೂ ಬಸ್ಸಿನ ದಾರಿ. ವಾರವಿಡೀ ತವರಿನಿಂದ ಕಾಲೇಜಿಗೆ ಹೋಗು, ಶನಿವಾರ ಸಂಜೆ ಅತ್ತೆಯ ಮನೆಗೆ ಹೋಗು. ಮಗ ದೂರವಿರುವ ನೋವು ಆ ಮನೆಯಲ್ಲೂ ಇದೆ.

ಇನ್ನು ನಿದ್ದೆಯ ಮಾತು. ಚಳಿಗಾಲದಲ್ಲಿ ನಮಗೂ ಒಂಟಾರಿಯೊಗೂ ಹತ್ತೂವರೆ ಗಂಟೆಯ ವ್ಯತ್ಯಾಸ, ಮಾರ್ಚ್‌ನಲ್ಲಿ ಅಲ್ಲಿ ಗಡಿಯಾರ ಮುಂದೆ ಇಟ್ಟ ಮೇಲೆ ಒಂಬತ್ತೂವರೆ. ಮೊದಮೊದಲು ನಾನು ರಾತ್ರಿ ಒಂದು ಗಂಟೆಯವರೆಗೆ ಎದ್ದಿರುತ್ತಿದ್ದೆ. ಆಮೇಲೆ ನಮ್ಮ ಬೆಳಿಗ್ಗೆ ಆರೂವರೆಗೆ ಬದಲಾಯಿಸಿದೆವು, ಅವರಿಗದು ರಾತ್ರಿ ಎಂಟು. ಮೊಬೈಲನ್ನು ಅಡುಗೆಮನೆಯ ಕಪಾಟಿನಲ್ಲಿ ಒರಗಿಸಿಟ್ಟು ನಾನು ತೆಂಗಿನಕಾಯಿ ತುರಿಯುತ್ತಿದ್ದೆ, ಅವರು ಅಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಎಷ್ಟೋ ದಿನ ಮಾತೇ ಇರುತ್ತಿರಲಿಲ್ಲ. ‘ಕುಚ್ಚಲಕ್ಕಿ ಕುದಿಯುವ ಸದ್ದು ಕೇಳಿಸು’ ಎನ್ನುತ್ತಿದ್ದರು, ನಾನು ಮೊಬೈಲನ್ನು ಒಲೆಯ ಹತ್ತಿರ ಸರಿಸುತ್ತಿದ್ದೆ. ಅರ್ಜಿಯ ಮಾತು ಶನಿವಾರ ಮಾತ್ರ ಎಂದು ಕಟ್ಟುನಿಟ್ಟು ಮಾಡಿಕೊಂಡೆವು. ಅಲ್ಲಿಂದ ನಮ್ಮ ಜಗಳ ಅರ್ಧ ಕಡಿಮೆಯಾಯಿತು, ನನಗೆ ನಿದ್ದೆಯೂ ಬಂತು.

ಸುರತ್ಕಲ್‌ನವನು, ಒಂಟಾರಿಯೊದಿಂದ

ಅಕ್ಕ, ಇದನ್ನು ನಿಮ್ಮ ಯಜಮಾನರಿಗೆ ಓದಲು ಕೊಡಿ. ನಾನು ಹೆಂಡತಿಯನ್ನು ಕರೆಸಿಕೊಂಡವನು.

ಕಾಯಂ ನಿವಾಸಿಯಾದವರು ಅರ್ಜಿ ನಡೆಯುವಷ್ಟು ಕಾಲ ಕೆನಡಾದಲ್ಲೇ ವಾಸಿಸಬೇಕು. ರಜೆಗೆಂದು ಕೆಲವು ವಾರ ಊರಿಗೆ ಬಂದು ಹೋಗಬಹುದು, ಊರಲ್ಲೇ ಇದ್ದುಬಿಡಲು ಆಗದು. ಆ ಅನುಕೂಲ ಪೌರತ್ವ ಪಡೆದವರಿಗೆ ಮಾತ್ರ. ನಾನು ಐದು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಸುರತ್ಕಲ್‌ಗೆ ಬರುವ ತಯಾರಿಯಲ್ಲಿದ್ದೆ, ಸಮಯಕ್ಕೆ ಸರಿಯಾಗಿ ಒಬ್ಬರು ಎಚ್ಚರಿಸಿದರು. ಹೆಂಡತಿಗೆ ಸ್ಪಾನ್ಸರ್ ಆಗಲು ಸಾಮಾನ್ಯವಾಗಿ ಇಂತಿಷ್ಟೇ ಆದಾಯ ಇರಬೇಕೆಂಬ ನಿಯಮವಿಲ್ಲ. ಆದರೆ ಆಕೆ ಬಂದಿಳಿದ ದಿನದಿಂದ ಮೂರು ವರ್ಷ ಆಕೆಯ ಖರ್ಚಿನ ಹೊಣೆ ನಮ್ಮದು ಎಂದು ಬರೆದುಕೊಡಬೇಕು.

ಅವರನ್ನು ಒಂದು ಪ್ರಶ್ನೆ ಕೇಳಿ: ಅವರು ಕಾಯಂ ನಿವಾಸಿಯಾಗಿ ಬಂದಿಳಿದ ದಿನಕ್ಕೂ ಮೊದಲೇ ನಿಮ್ಮ ಮದುವೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿತ್ತೇ? ನಮ್ಮ ಕಡೆ ‘ವೀಸಾಕ್ಕೆ ಬೇಕಾಗುತ್ತದೆ’ ಎಂದು ನಿಶ್ಚಿತಾರ್ಥದ ಮರುವಾರವೇ ನೋಂದಣಿ ಮಾಡಿಸಿ, ಶಾಸ್ತ್ರದ ಮದುವೆಯನ್ನು ವರ್ಷದ ಮೇಲೆ ಮಾಡುವವರಿದ್ದಾರೆ. ನನ್ನ ಗೆಳೆಯನೊಬ್ಬ ಹಾಗೆ ಮಾಡಿದ. ಧಾರೆ ಆಗದ ಮೇಲೆ ಅದೆಂಥ ಮದುವೆ ಎಂದುಕೊಂಡು ಇಳಿಯುವಾಗ ಅವಿವಾಹಿತ ಎಂದೇ ಹೇಳಿದ. ಇಳಿಯುವ ಮೊದಲು ತಿಳಿಸದ ಹೆಂಡತಿಯನ್ನು ಮುಂದೆ ಕುಟುಂಬ ವರ್ಗದಲ್ಲಿ ಕರೆಸಲು ನಿಯಮ ಬಿಡುವುದಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕೆಲವರಿಗೆ ವಿನಾಯಿತಿ ಕೊಡುವ ತಾತ್ಕಾಲಿಕ ನೀತಿಯೊಂದು ಬಂತು, ಅದರ ಬೆನ್ನು ಹಿಡಿದು ವಕೀಲರ ಮೂಲಕ ಅವನು ಇನ್ನೂ ಅಲೆಯುತ್ತಿದ್ದಾನೆ. ನಿಮ್ಮದು ಹಾಗಲ್ಲದಿದ್ದರೆ ಈ ಭಯ ಬೇಡ. ಹೌದಾದರೆ ಅರ್ಜಿ ಹಾಕುವ ಮೊದಲೇ ವಕೀಲರನ್ನು ಕಾಣಿ.

ನೀವು ಎಂದಾದರೂ ಗಲ್ಫ್‌ನಲ್ಲಿ ಇದ್ದಿರೇ? ಕಳೆದ ಹತ್ತು ವರ್ಷದಲ್ಲಿ, ಹದಿನೆಂಟು ತುಂಬಿದ ಮೇಲೆ, ಆರು ತಿಂಗಳು ಅಥವಾ ಹೆಚ್ಚು ಕಾಲ ಸತತವಾಗಿ ಇದ್ದ ಪ್ರತಿಯೊಂದು ದೇಶದ ಪೊಲೀಸ್ ಪ್ರಮಾಣಪತ್ರವೂ ಬೇಕು. ಭಾರತದ್ದು ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಕಷ್ಟವಿಲ್ಲದೆ ಸಿಕ್ಕಿತು. ನನ್ನ ಹೆಂಡತಿ ಕುವೈತ್‌ನಲ್ಲಿ ನರ್ಸ್ ಆಗಿದ್ದವಳು, ಆ ಒಂದು ಕಾಗದಕ್ಕಾಗಿ ನಮ್ಮ ಕಡತ ನಾಲ್ಕು ತಿಂಗಳು ಅಲ್ಲಾಡಲಿಲ್ಲ.

ಮತ್ತೆ, ನಿಮ್ಮ ಯಜಮಾನರು ‘ನಾನು ಚೆನ್ನಾಗಿದ್ದೇನೆ’ ಎಂದರೆ ಪೂರ್ತಿ ನಂಬಬೇಡಿ, ಊಟ ಏನು ಮಾಡಿದಿರಿ ಎಂದು ಕೇಳಿ. ಜನವರಿಯಲ್ಲಿ ಸಂಜೆ ಐದಕ್ಕೇ ಕತ್ತಲಾಗುವ ನೆಲಮಾಳಿಗೆಯ ಕೋಣೆಯಲ್ಲಿ ನಾನು ಎಷ್ಟೋ ರಾತ್ರಿ ಬ್ರೆಡ್ ತಿಂದು ಮಲಗಿದ್ದೇನೆ, ಮನೆಗೆ ಹೇಳಲಿಲ್ಲ.

ಕಿನ್ನಿಗೋಳಿಯವಳು

ನಾನು ಇನ್ನೂ ಕಾಯುತ್ತಿದ್ದೇನೆ, ಹದಿಮೂರನೆಯ ತಿಂಗಳು. ನಡುವೆ ಅವರು ರಜೆಗೆ ಬಂದುಹೋದರು, ಈಗ ಮಗನಿಗೆ ನಾಲ್ಕು ತಿಂಗಳು. ಯಾರೂ ಮೊದಲೇ ಹೇಳದ ವಿಷಯವೆಂದರೆ, ಗರ್ಭಿಣಿಯಾದಾಗ ವೈದ್ಯಕೀಯ ತಪಾಸಣೆಯ ಎಕ್ಸ್‌ರೇ ಹೆರಿಗೆಯವರೆಗೆ ನಿಂತಿತು. ಮಗು ಹುಟ್ಟಿದ ಮೇಲೆ ಅದರ ಹೆಸರನ್ನೂ ಅರ್ಜಿಗೆ ಸೇರಿಸಬೇಕಾಯಿತು. ಜನನ ಪ್ರಮಾಣಪತ್ರ, ಮಗುವಿನ ಪಾಸ್‌ಪೋರ್ಟ್, ಮಗುವಿನ ತಪಾಸಣೆ, ಒಂದಾದ ಮೇಲೊಂದು. ಪಾಸ್‌ಪೋರ್ಟ್ ಫೋಟೋಕ್ಕೆ ಎರಡು ತಿಂಗಳ ಮಗು ಕಣ್ಣು ತೆರೆದು ನೇರ ನೋಡಬೇಕು. ಸ್ಟುಡಿಯೋದವರು ನೆಲದ ಮೇಲೆ ಬಿಳಿ ಬಟ್ಟೆ ಹಾಸಿದರು, ಅಮ್ಮ ಕೀಲಿಗೊಂಚಲು ಅಲ್ಲಾಡಿಸಿದರು, ಮುಕ್ಕಾಲು ಗಂಟೆಯ ಮೇಲೆ ಒಂದು ಫೋಟೋ ಸಿಕ್ಕಿತು. ತಡವಾದರೂ ಮಗುವನ್ನು ತಿಳಿಸದೆ ಬಿಡಬೇಡಿ, ಮೇಲಿನ ಅಣ್ಣ ಹೇಳಿದ ನಿಯಮ ಮಕ್ಕಳಿಗೂ ಅನ್ವಯಿಸುತ್ತದೆ.

ನಾವು ಕ್ರೈಸ್ತರು. ಇಗರ್ಜಿಯ ಪ್ರಮಾಣಪತ್ರದ ಜೊತೆ, ಮದುವೆಗೆ ಮುಂಚೆ ನಡೆಯುವ ರೋಸ್ ಶಾಸ್ತ್ರದ ಫೋಟೋಗಳನ್ನೂ ಕಳುಹಿಸಿದೆವು, ತೆಂಗಿನ ಹಾಲು ಹಚ್ಚುತ್ತಿರುವ ಬಂಧುಗಳ ಹೆಸರು, ಸಂಬಂಧ ಎಲ್ಲವನ್ನೂ ಕೆಳಗೆ ಬರೆದು. ಅದರ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ.

ಕುಂದಾಪುರದ ಹಿರಿಯಳು

ಮಗಳೇ, ನನಗೆ ಈ ಫಾರಂಗಳ ವಿಷಯ ತಿಳಿಯದು. ನಮ್ಮವರು 1981ರಲ್ಲಿ ಬಹರೈನ್‌ಗೆ ಹೋದವರು ಕಾಯಂ ಆಗಿ ಮನೆಗೆ ಬಂದದ್ದು 2003ರಲ್ಲಿ. ಆಗ ಪತ್ರ ಬರಲು ಎರಡು ವಾರ. ರಜೆಗೆ ಬಂದ ಊರಿನವರ ಕೈಯಲ್ಲಿ ಕ್ಯಾಸೆಟ್ ಕಳುಹಿಸುತ್ತಿದ್ದರು, ಅವರ ದನಿ ಕೇಳಲು ಟೇಪ್ ರೆಕಾರ್ಡರ್ ಇದ್ದ ಮನೆಗೆ ಹೋಗಬೇಕಿತ್ತು. ನಾಲ್ಕು ಜನರ ಎದುರು ಗಂಡನ ದನಿ ಕೇಳುವ ಸಂಕೋಚ ನಿಮಗೆ ಗೊತ್ತಿರಲಿಕ್ಕಿಲ್ಲ. ನನ್ನ ಅತ್ತೆಗೆ ಅದು ಅರ್ಥವಾಯಿತು. ಬೀಡಿ ಕಟ್ಟಿ ಕೂಡಿಸಿದ ದುಡ್ಡಿನಲ್ಲಿ ಒಂದು ಟೇಪ್ ರೆಕಾರ್ಡರ್ ತರಿಸಿ ನನ್ನ ಕೋಣೆಯಲ್ಲಿಟ್ಟರು. ನಿನ್ನ ಅತ್ತೆಯ ಹತ್ತಿರ ಮನಸ್ಸು ಬಿಚ್ಚಿ ಮಾತನಾಡು. ನಿದ್ದೆ ಬರುವುದಿಲ್ಲ ಎಂಬುದನ್ನೂ ಹೇಳು.

ಪ್ರಶ್ನೆ ಕೇಳಿದವಳು, ಎರಡು ದಿನಗಳ ನಂತರ

ಎಲ್ಲರಿಗೂ ಕೈಮುಗಿಯುತ್ತೇನೆ. ಬರೆದಿಟ್ಟ ರಾಜೀನಾಮೆ ಪತ್ರವನ್ನು ಹರಿದುಹಾಕಿದೆ. ನೋಂದಣಿಯ ದಿನಾಂಕವನ್ನು ಯಜಮಾನರೂ ನಾನೂ ಕುಳಿತು ನೋಡಿದೆವು, ಅವರು ಕಾಯಂ ನಿವಾಸಿಯಾದ ಎರಡು ವರ್ಷದ ಮೇಲಿನದು. ಜನನ ಪ್ರಮಾಣಪತ್ರದ ಅನುವಾದವನ್ನು ನಾನೇ ಮಾಡಿ ಮುಗಿಸಿದ್ದೆ, ಅದನ್ನು ಬದಿಗಿಟ್ಟು ಹೊರಗಿನವರಿಗೆ ಕೊಟ್ಟಿದ್ದೇನೆ. ನಿನ್ನೆ ರಾತ್ರಿ ಕಾಪುವಿನಲ್ಲಿದ್ದೆ. ಅತ್ತೆಗೆ ನಿದ್ದೆಯ ವಿಷಯ ಹೇಳಿದೆ. ಅವರು ಏನೂ ಹೇಳದೆ ತಮ್ಮ ಚಾಪೆ ತಂದು ನನ್ನ ಕೋಣೆಯಲ್ಲಿ ಹಾಸಿದರು. ಇವತ್ತು ಬೆಳಿಗ್ಗೆ ಆರೂವರೆಗೆ ಯಜಮಾನರಿಗೆ ಕರೆ ಮಾಡಿದಾಗ ರಾತ್ರಿ ಊಟಕ್ಕೆ ಏನು ಎಂದು ಕೇಳಿದೆ. ಬ್ರೆಡ್ ಎಂದರು.