ಸಹಾಯ ಬೇಕು: 'ಎಂಕೋಮಿಯೆಂದಾ'ಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳ ಗೋಡೆ ಪತ್ರಿಕೆಗೆ ಹಿಸ್ಪಾನಿಯೋಲ ದ್ವೀಪದ ಬಗ್ಗೆ ಬರೆಯುತ್ತಿದ್ದೇನೆ. ಈಗಿನ ಹೈಟಿ, ಡೊಮಿನಿಕನ್ ರಿಪಬ್ಲಿಕ್ ಎರಡೂ ಇರುವುದು ಅಲ್ಲೇ.

1492ರ ಕ್ರಿಸ್‌ಮಸ್ ದಿನ ಕೊಲಂಬಸ್‌ನ ಸಾಂತಾ ಮರಿಯಾ ಹಡಗು ಅಲ್ಲಿ ನೆಲಕ್ಕೆ ಸಿಕ್ಕಿ ಹಾಳಾಯಿತು. ಸಾಮಾನು ಇಳಿಸಲು ನೆರವಾದವರು ದ್ವೀಪದ ಮೂಲನಿವಾಸಿಗಳಾದ ತೈನೋ ಜನರ ನಾಯಕ ಗ್ವಾಕಾನಗಾರಿ ಮತ್ತು ಅವನ ಜನ. ಕೆಲವೇ ವರ್ಷಗಳಲ್ಲಿ ಸ್ಪೇನಿನವರು ಆ ತೈನೋ ಜನರನ್ನೇ ಚಿನ್ನದ ಗಣಿಗೆ ದೂಡಿದರು. ತೈನೋ ನಾಯಕಿ ಅನಕಾವೋನಳನ್ನು ಸ್ಪೇನಿನ ಗವರ್ನರ್ ಒವಾಂದೊ ಗಲ್ಲಿಗೇರಿಸಿದ. ಇದನ್ನು ಓದುವಾಗ ಕಣ್ಣು ತುಂಬಿ ಬಂತು.

ನಾನು ನಿಂತುಬಿಟ್ಟಿರುವುದು 'ಎಂಕೋಮಿಯೆಂದಾ' ಅನ್ನೋ ಸ್ಪ್ಯಾನಿಷ್ ಪದದ ಹತ್ತಿರ. ಈ ಪದ್ಧತಿಯಲ್ಲಿ ಇಂತಿಷ್ಟು ತೈನೋ ಜನ ಅಂತ ಒಬ್ಬ ಸ್ಪೇನಿನವನಿಗೆ ಒಪ್ಪಿಸುತ್ತಿದ್ದರು. ಅವನು ಅವರಿಂದ ದುಡಿಸಿಕೊಳ್ಳಬಹುದು. ಬದಲಿಗೆ ರಕ್ಷಣೆ ಕೊಟ್ಟು ಕ್ರೈಸ್ತ ಧರ್ಮ ಕಲಿಸಬೇಕು. ಕಾಗದದ ಮೇಲೆ ಅವರು ಗುಲಾಮರಲ್ಲ, ಬದುಕು ಮಾತ್ರ ಗುಲಾಮರದ್ದೇ. 1511ರಲ್ಲಿ ಅದೇ ದ್ವೀಪದ ಸಾಂತೊ ದೊಮಿಂಗೊ ಊರಲ್ಲಿ ಪಾದ್ರಿ ಮೊಂತೆಸಿನೋಸ್, ಇವರೂ ಮನುಷ್ಯರಲ್ಲವೇ ಅಂತ ಕೇಳಿದ್ದು ಇದನ್ನು ಕಂಡೇ.

'ಜಹಗೀರು' ಅಂದರೆ ಜಮೀನು ನೆನಪಾಗುತ್ತದೆ. ಇಲ್ಲಿ ಕೊಟ್ಟಿದ್ದು ಜನರನ್ನು. 'ಜೀತ' ಅಂದರೆ ಮಕ್ಕಳು ಸಾಲದ ಕಥೆ ಅಂದುಕೊಳ್ಳುತ್ತಾರೆ. 'ಬಿಟ್ಟಿ ದುಡಿಮೆ' ಹತ್ತಿರ ಬರುತ್ತದೆ, ಆದರೆ ಒಪ್ಪಿಸಿದ್ದು ಅನ್ನೋ ಅರ್ಥ ಬಿಟ್ಟುಹೋಗುತ್ತದೆ, ಅಲ್ವಾ?

ಸರಿಯಾದ ಪದ ಹೊಳೆದರೆ ದಯವಿಟ್ಟು ತಿಳಿಸಿ. ಸ್ಪ್ಯಾನಿಷ್ ಬಲ್ಲವರು ಮೇಲಿನ ಹೆಸರುಗಳ ಉಚ್ಚಾರಣೆಯನ್ನೂ ಒಮ್ಮೆ ನೋಡಿಕೊಡಿ. ನಮ್ಮ ಕರಾವಳಿಯ 'ಬಟಾಟೆ' (ಆಲೂಗಡ್ಡೆ) ಮೂಲದಲ್ಲಿ ತೈನೋ ಪದ. ಅದನ್ನು ಬಾಕ್ಸ್ ಮಾಡಿ ಹಾಕುತ್ತಿದ್ದೇನೆ. ಗುರುವಾರದೊಳಗೆ ಹೇಳಿದರೆ ತುಂಬಾ ಉಪಕಾರ.