ಕಾಣ್ತಾ? ಕಾಣ್ತು!

"ಬಿತ್ತು!" ಅಂದ ನಾಣಿ.

"ಎಲ್ಲಿ?" ಅಂದ ಸೀನ.

"ಹೋಯ್ತು."

ರಾತ್ರಿ ಹನ್ನೊಂದಕ್ಕೆ ಶುರುವಾದ ಮಾತುಕತೆ, ಒಂದೂವರೆ ಆದರೂ ಈ ಮೂರು ಮಾತು ಬಿಟ್ಟು ಮುಂದಕ್ಕೆ ಹೋಗಿರಲಿಲ್ಲ. ಜಾಗ, ಗೌರಿಬಿದನೂರಿನ ಆಚೆ ಒಂದು ರಾಗಿ ಹೊಲ. ದಿನ, ಡಿಸೆಂಬರ್ 13. ಕೆಲಸ, ಬೀಳುವ ಉಲ್ಕೆ ಎಣಿಸುವುದು. ರಾಗಿ ಕೊಯ್ದು ಕೂಳೆ ಉಳಿದಿತ್ತು. ಕೂಳೆ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಜಮಖಾನ, ಜಮಖಾನದ ಮೇಲೆ ನಾವು ನಾಲ್ಕು ಜನ. ಕೂಳೆ ಮಾತ್ರ ಎರಡನ್ನೂ ದಾಟಿ ನೇರವಾಗಿ ನನ್ನ ಬೆನ್ನನ್ನು ವಿಚಾರಿಸಿಕೊಳ್ಳುತ್ತಿತ್ತು. ನಾಣಿಯ ಕ್ಲಬ್ಬಿನ ಇನ್ನೂ ಮೂವತ್ತು ಜನ ಕತ್ತಲಲ್ಲಿ ಅಲ್ಲಲ್ಲಿ ಬಿದ್ದುಕೊಂಡಿದ್ದರು. ದೂರದಿಂದ ನೋಡಿದವರು ರಾಗಿ ಹೊರೆ ಅಂದುಕೊಳ್ಳಬೇಕು.

ಸ್ಕೋರು ಹೀಗಿತ್ತು. ನಾಣಿ 31. ನಾನು 22. ನಿದ್ದೆಯ ನಡುವೆ ಬಿಡುವು ಮಾಡಿಕೊಂಡು ಶಾಮಣ್ಣ 9. ಸೀನ ಸೊನ್ನೆ.

"ಪೇಪರಲ್ಲಿ ಗಂಟೆಗೆ 120 ಅಂತ ಹಾಕಿದ್ರಲ್ಲೋ!" ಸೀನನಿಗೆ ತಡೆಯಲಿಲ್ಲ.

"ಅದು ಲೆಕ್ಕದ ಮಾತು" ಅಂದ ನಾಣಿ. "ಈ ಉಲ್ಕೆಗಳು ಹೊರಟ ಹಾಗೆ ಕಾಣೋ ಮಿಥುನ ರಾಶಿ ನೆತ್ತಿ ಮೇಲೆ ಇರ್ಬೇಕು, ಆಕಾಶ ಪೂರ್ತಿ ಕಪ್ಪಗಿರ್ಬೇಕು, ಮೋಡ, ಮರ, ಗುಡ್ಡ ಏನೂ ಅಡ್ಡ ಇರ್ಬಾರ್ದು. ಆಗ 120."

"ಗೊತ್ತಾಯ್ತು" ಅಂದೆ. "‘ಏರ್‌ಪೋರ್ಟಿಂದ ಹತ್ತೇ ನಿಮಿಷ’ ಅಂತ ಸೈಟ್ ಮಾರ್ತಾರಲ್ಲ, ಆ ಥರ. ಸುಳ್ಳಲ್ಲ. ರಾತ್ರಿ ಮೂರು ಗಂಟೇಲಿ, ಎಲ್ಲ ಸಿಗ್ನಲ್ ಹಸಿರಿದ್ದು, ವಿಮಾನದಲ್ಲಿ ಹೋದ್ರೆ ಹತ್ತೇ ನಿಮಿಷ."

ಸೀನ ಬಂದದ್ದೇ ಒಂದು ದಂಡಯಾತ್ರೆ. ಟ್ರೈಪಾಡು ಎರಡು, ಪವರ್ ಬ್ಯಾಂಕು ಮೂರು, ಆಕಾಶಕ್ಕೆ ಹಿಡಿದರೆ ನಕ್ಷತ್ರದ ಹೆಸರು ಹೇಳುವ ಆ್ಯಪು. ಇಷ್ಟು ಸಾಲದು ಅಂತ ಹೊಸದಾಗಿ ಕೊಂಡ ಟೆಲಿಸ್ಕೋಪು. ಉಲ್ಕೆ ನೋಡೋಕೆ ಟೆಲಿಸ್ಕೋಪ್ ಬೇಡ, ಬರಿಗಣ್ಣು ಸಾಕು, ಮನೇಲಿ ಬಿಟ್ಟು ಬಾ ಅಂತ ನಾಣಿ ಮೂರು ಸಲ ಫೋನ್ ಮಾಡಿದ್ದ. ಉಲ್ಕೆ ಆಕಾಶದಲ್ಲಿ ಎಲ್ಲಿ ಬೇಕಾದರೂ ಬೀಳುತ್ತೆ. ಟೆಲಿಸ್ಕೋಪಿಗೆ ಕಾಣುವುದು ಹಪ್ಪಳದಷ್ಟೂ ಅಲ್ಲ, ಹಪ್ಪಳದ ಚೂರಿನಷ್ಟು ಆಕಾಶ. ಸ್ಟ್ರಾ ಹಿಡಿದು ಮಳೆನೀರು ಕುಡಿಯೋಕೆ ನಿಂತ ಹಾಗೆ. ಆದರೂ ತಂದ. ದುಡ್ಡು ಕೊಟ್ಟಿದ್ದಾನಲ್ಲ.

ನನಗೆ ಸಿಟ್ಟು ಬರುವುದು ಟೆಲಿಸ್ಕೋಪಿನ ಮೇಲಲ್ಲ, ಅದು ಪಾಪ ಡಬ್ಬದಲ್ಲೇ ಮಲಗಿತ್ತು. ಸಿಟ್ಟು ಬರುವುದು ಫೋನಿನ ಮೇಲೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಅದಕ್ಕೇ ಕ್ಲಬ್ಬಿನವರು ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿರುತ್ತಾರೆ. ಕೆಂಪು ಬೆಳಕಿಗೆ ಕಣ್ಣು ಅಷ್ಟಾಗಿ ಕೆಡುವುದಿಲ್ಲ. ನಮ್ಮ ಸೀನ ಹತ್ತು ನಿಮಿಷಕ್ಕೊಂದು ಸಲ ಫೋನ್ ಹಚ್ಚಿ ‘ಯಾವಾಗ ಜಾಸ್ತಿ ಬೀಳುತ್ತೆ’ ಅಂತ ನೋಡುತ್ತಿದ್ದ. ಫೋನು ‘ಈಗ’ ಅನ್ನುತ್ತಿತ್ತು.

"ಲೈಟ್!" ಹೊಲದ ಆ ತುದಿಯಿಂದ ಯಾರೋ ಕೂಗಿದರು.

"ಇವನ ಕಣ್ಣು ಸಂಜೆ ಏಳರಿಂದ ಕತ್ತಲಿಗೆ ಹೊಂದಿಕೊಳ್ತಾನೇ ಇದೆ" ಅಂದೆ. "ಬೆಳಗ್ಗೆ ಸೂರ್ಯ ಹುಟ್ಟೋ ಹೊತ್ತಿಗೆ ಸರಿಯಾಗಿ ತಯಾರಾಗುತ್ತೆ."

"ಬಿತ್ತು!"

"ಎಲ್ಲಿ?"

"ಹೋಯ್ತು ಕಣೋ. ಸೆಕೆಂಡಿಗೆ 35 ಕಿಲೋಮೀಟರ್ ಹೋಗೋದು ನೀನು ಎಲ್ಲಿ ಅನ್ನೋವರೆಗೆ ನಿಂತಿರುತ್ತಾ?"

"ಮೂವತ್ತೈದಾ!" ಶಾಮಣ್ಣ ಎದ್ದರು. ಎದ್ದರು ಅಂದರೆ ಮಂಕಿ ಕ್ಯಾಪಿನೊಳಗಿಂದ ಮಾತು ಬಂತು. "ಬೆಂಗಳೂರಿಂದ ಮೈಸೂರಿಗೆ ನಾಲ್ಕೇ ಸೆಕೆಂಡು."

"ಕೆಂಗೇರಿ ದಾಟೋಕೆ ಮುಕ್ಕಾಲು ಗಂಟೆ, ಆಮೇಲೆ ನಾಲ್ಕು ಸೆಕೆಂಡು" ಅಂದೆ.

ನಾಣಿಗೆ ಇಂಥ ಮಾತು ಹಿಡಿಸುವುದಿಲ್ಲ. ಅವನು ವಿಷಯಕ್ಕೆ ಬಂದ. ಬೇರೆ ಉಲ್ಕಾವರ್ಷಗಳೆಲ್ಲ ಸಾಮಾನ್ಯವಾಗಿ ಧೂಮಕೇತುವಿನ ಧೂಳು. ಆಗಸ್ಟಿನದು ಸ್ವಿಫ್ಟ್-ಟಟಲ್ ಧೂಮಕೇತುವಿನದು, ಆದರೆ ಆಗ ನಮಗೆ ಮಳೆಗಾಲ. (ಪ್ರತಿ ಆಗಸ್ಟಿಗೂ ನಾಣಿ ಕ್ಲಬ್ಬಿನ ಜೊತೆ ಹೋಗುತ್ತಾನೆ. ಮೋಡ ನೋಡಿಕೊಂಡು, ಬಜ್ಜಿ ತಿಂದುಕೊಂಡು ಬರುತ್ತಾನೆ.) ಡಿಸೆಂಬರಿನದು ಬೇರೆ. ಇದರ ಮೂಲ ಫೀಥಾನ್ ಅನ್ನುವ ಕ್ಷುದ್ರಗ್ರಹ. 1983ರಲ್ಲಿ ಸಿಕ್ಕಿದ್ದು. ಸೂರ್ಯನಿಗೆ ಬುಧನಿಗಿಂತ ಹತ್ತಿರ ಹೋಗಿ ಬರುತ್ತೆ. ಗ್ರೀಕರ ಕಥೆಯಲ್ಲಿ ಫೀಥಾನ್ ಸೂರ್ಯನ ಮಗ. ಹಟ ಮಾಡಿ ಒಂದು ದಿನ ಅಪ್ಪನ ರಥ ತೆಗೆದುಕೊಂಡು ಹೋದ, ಕುದುರೆ ಹಿಡಿತಕ್ಕೆ ಸಿಗಲಿಲ್ಲ, ದಾರಿಯಲ್ಲಿದ್ದದ್ದೆಲ್ಲ ಸುಟ್ಟ, ಕೊನೆಗೆ ಸಿಡಿಲು ಬಡಿದು ತಾನೂ ಸತ್ತ.

"ಲೈಸೆನ್ಸ್ ಇಲ್ಲದೆ ಅಪ್ಪನ ಗಾಡಿ ಓಡಿಸಿದ ಹುಡುಗ" ಅಂದೆ. "ಅವನು ಉದುರಿಸಿದ ಬಂಪರ್ ಚೂರನ್ನ ಪ್ರತಿ ಡಿಸೆಂಬರ್‌ನಲ್ಲೂ ನಾವು ಅಂಗಾತ ಮಲಗಿ ಎಣಿಸ್ತಾ ಇದೀವಿ."

"ಬಿತ್ತು ಬಿತ್ತು!" ಈ ಸಲ ಕೂಗಿದ್ದು ಸೀನ. ಎದ್ದೇ ಕೂತ. "ಅಗೋ, ಇನ್ನೂ ಹೋಗ್ತಾ ಇದೆ! ಕೆಂಪು ಹಸಿರು ಎರಡೂ ಇದೆ!"

ದೇವನಹಳ್ಳಿಗೆ ಇಳಿಯುತ್ತಿದ್ದ ವಿಮಾನ.

"ಬರ್ಕೋಬಹುದಾ?" ಅಂದ ಸೀನ. ನಾಣಿ ಉತ್ತರ ಕೊಡಲಿಲ್ಲ.

ಹೊಲದ ಯಜಮಾನರು ಪಕ್ಕದ ಕಣದಲ್ಲಿ ರಾಗಿ ಮೆದೆ ಕಾಯುತ್ತಾ ಕಂಬಳಿ ಹೊದ್ದು ಕೂತಿದ್ದರು. ಸಂಜೆ ನಾವು ಸಾಮಾನು ಇಳಿಸುವಾಗ, ಇಷ್ಟು ಜನ ಯಾಕೆ ಬಂದಿರಿ ಅಂತ ಕೇಳಿದ್ದರು. ನಾಣಿ ವಿವರಿಸಿದ. ಅವರು ತಾಳ್ಮೆಯಿಂದ ಕೇಳಿ, "ಅವು ದಿನಾ ಬೀಳ್ತವಲ್ಲ ಸ್ವಾಮಿ" ಅಂದರು. ನಿಜ. ಕತ್ತಲಿರುವ ಯಾವ ರಾತ್ರಿಯಾದರೂ ಗಂಟೆಗೆ ನಾಲ್ಕಾರು ಬಿಡಿ ಉಲ್ಕೆ ಕಂಡೇ ಕಾಣುತ್ತವೆ. ಈಗೀಗ ಇದನ್ನೇ ರೆಸಾರ್ಟಿನವರು ಊಟ, ಕ್ಯಾಂಪ್ ಫೈರು, ಡಿಜೆ ಸೇರಿಸಿ ತಲೆಗಿಷ್ಟು ಅಂತ ಮಾರುತ್ತಾರೆ. ಆಕಾಶ ನೋಡೋಕೆ ಕರೆದುಕೊಂಡು ಹೋಗಿ ಬೆಂಕಿ ಹಾಕುತ್ತಾರೆ! ಸಾಲದ್ದಕ್ಕೆ ಉಲ್ಕೆ ಕಂಡರೆ ಕಣ್ಣು ಮುಚ್ಚಿ ಏನಾದರೂ ಕೇಳಿಕೊಳ್ಳಬೇಕಂತೆ. ನೋಡೋಕೆ ಇರುವುದೇ ಅರ್ಧ ಸೆಕೆಂಡು, ಅದರಲ್ಲೂ ಕಣ್ಣು ಮುಚ್ಚು ಅಂದರೆ ಹೇಗೆ? ನಮ್ಮಜ್ಜಿ, ನಕ್ಷತ್ರ ಬಿದ್ದರೆ ಯಾರೋ ದೊಡ್ಡವರು ಹೋದರು ಅನ್ನುತ್ತಿದ್ದಳು. ಅವಳ ಲೆಕ್ಕದಲ್ಲಿ ಇವತ್ತು ವಿಧಾನಸೌಧ ಖಾಲಿ.

ಎರಡೂವರೆಯ ಹೊತ್ತಿಗೆ ಈಶಾನ್ಯಕ್ಕೆ ಸಪ್ತರ್ಷಿ ಮಂಡಲ ಪೂರ್ತಿ ಮೇಲೆ ಬಂದಿತ್ತು. ನಾಣಿ ಬಾಲದ ನಡುವಿನ ನಕ್ಷತ್ರ ತೋರಿಸಿ, "ಅದು ವಸಿಷ್ಠ. ಪಕ್ಕದಲ್ಲಿ ಸಣ್ಣದು ಅರುಂಧತಿ" ಅಂದ.

"ಅರುಂಧತಿ ನಾನು ನೋಡಿದೀನಪ್ಪ" ಅಂದರು ಶಾಮಣ್ಣ. "ಮದುವೆ ದಿನ. ಮಧ್ಯಾಹ್ನ ಹನ್ನೆರಡೂವರೆಗೆ."

"ಎಲ್ಲಿ?" ಸೀನ ಅಭ್ಯಾಸಬಲದಿಂದ ಕೇಳಿದ.

"ಛತ್ರದಲ್ಲಿ, ಸೀಲಿಂಗ್ ಫ್ಯಾನಿಂದ ಸ್ವಲ್ಪ ಎಡಕ್ಕೆ. ಪುರೋಹಿತರು ಕಾಣ್ತಾ ಅಂದ್ರು. ಕಾಣ್ತು ಅಂದೆ. ಅವಳೂ ಕಾಣ್ತು ಅಂದ್ಲು. ಅಡಿಗೆಯವರು ಎಲೆ ಹಾಕ್ಲಾ ಅಂತ ಬಾಗಿಲಲ್ಲಿ ನಿಂತಿದ್ರು. ಇನ್ನೇನು ಹೇಳೋದು?"

ಶಾಮಣ್ಣ ಕನ್ನಡಕ ಒರೆಸಿ ಹಾಕಿಕೊಂಡರು. ಮಂಕಿ ಕ್ಯಾಪು ಹಿಂದಕ್ಕೆ ಸರಿಸಿದರು. ಬಹಳ ಹೊತ್ತು ನೋಡಿದರು.

"ಇಷ್ಟು ಚಿಕ್ಕದಾ?"

"ಹೂಂ."

"ಅವಳಂತೂ ಅವತ್ತು ಮೇಲೆ ನೋಡ್ಲೇ ಇಲ್ಲ" ಅಂದರು. "ನನ್ನ ಕಡೆ ನೋಡ್ಕೊಂಡೇ ಕಾಣ್ತು ಅಂದಿದ್ಲು."

ಯಾರೂ ಮಾತಾಡಲಿಲ್ಲ. ಒಂದು ಬಿತ್ತು. ನಾಣಿ ಕೂಗದೆ ಬರೆದುಕೊಂಡ.

ನನಗೆ ನಮ್ಮಪ್ಪನ ನೆನಪು ಬಂತು, ಹೇಳಿದೆ. 1986, ಹ್ಯಾಲಿ ಧೂಮಕೇತು ಬಂದ ವರ್ಷ. ನನಗೆ ಒಂಬತ್ತು. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ, ಸ್ವೆಟರ್ ಹಾಕಿ, ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಕೊನೆಗೆ ಕರೆದುಕೊಂಡು ಹೋದರು. ಎದುರುಮನೆಯ ಹಂಚಿನ ಆಚೆ ಬೆರಳು ತೋರಿಸಿ, "ಅದೇ. ಕಾಣ್ತಾ?" ಅಂದರು. ನನಗೆ ಕಂಡದ್ದು ಹಂಚಿನ ಮೇಲೆ ಕೂತ ಬೆಕ್ಕು. "ಕಾಣ್ತು" ಅಂದೆ. ಅಪ್ಪನಿಗೆ ಎಷ್ಟು ಖುಷಿಯಾಯಿತು ಅಂದರೆ ಆಫೀಸಿನಲ್ಲಿ ಹತ್ತು ವರ್ಷ ಅದನ್ನೇ ಹೇಳಿದರು, ನನ್ನ ಮಗ ಹ್ಯಾಲಿ ನೋಡಿದಾನೆ ಅಂತ. ಆಮೇಲೆ ಓದಿದಾಗ ಗೊತ್ತಾಯಿತು, ಆ ಸಲ ಹ್ಯಾಲಿ ಭೂಮಿಯಿಂದ ತೀರಾ ದೂರದಲ್ಲಿತ್ತು, ಎಲ್ಲರಿಗೂ ನಿರಾಸೆಯೇ ಆಗಿತ್ತು ಅಂತ. ಅಪ್ಪನಿಗಾದರೂ ಕಂಡಿತ್ತಾ? ಕೇಳೋಣ ಅಂದುಕೊಳ್ಳುತ್ತಲೇ ಇದ್ದೆ, ಕೇಳಲಿಲ್ಲ. ಈಗ ಕೇಳೋಕೆ ಅವರಿಲ್ಲ.

"ಹ್ಯಾಲಿ ಧೂಳು ಅಕ್ಟೋಬರ್‌ನಲ್ಲಿ ಬೀಳುತ್ತೆ. ಮೇ ತಿಂಗಳಲ್ಲೂ" ಅಂದ ನಾಣಿ. ಅವನಿಗೆ ಸಮಾಧಾನ ಹೇಳುವ ದಾರಿ ಇದೊಂದೇ ಗೊತ್ತು. "86ರದ್ದಲ್ಲ. ಅದಕ್ಕೂ ಎಷ್ಟೋ ಮೊದಲು ಬಂದಾಗ ಬಿಟ್ಟು ಹೋದ ಧೂಳು."

"ಮತ್ತೆ ಯಾವಾಗ ಬರುತ್ತೆ ಅದು?" ಕೇಳಿದರು ಶಾಮಣ್ಣ.

"2061."

ನಾಣಿ ಕೆಂಪು ಟಾರ್ಚ್ ಹಾಕಿ ಲೆಕ್ಕ ಹಾಕಿದ. ನನಗೆ 84. ಅವನಿಗೆ 83. ಶಾಮಣ್ಣನವರಿಗೆ 110. ಅಷ್ಟಕ್ಕೆ ನಿಲ್ಲಿಸಿ ಟಾರ್ಚ್ ಆರಿಸಿದ.

"ಎಬ್ಬಿಸ್ರಪ್ಪ ನನ್ನನ್ನ" ಅಂದರು ಶಾಮಣ್ಣ, ಮಂಕಿ ಕ್ಯಾಪು ಕೆಳಗೆಳೆದುಕೊಳ್ಳುತ್ತಾ. "ಕಾಣ್ದೇ ಇದ್ರೂ ಕಾಣ್ತು ಅಂತೀನಿ."

"ಈಗಲೇ ಬುಕ್ ಮಾಡಿದ್ರೆ ಡಿಸ್ಕೌಂಟ್ ಇರುತ್ತಾ?" ಸೀನ ಫೋನ್ ತೆಗೆದ.

"ಲೈಟ್!"

ಹೊಲದ ಯಜಮಾನರೂ ಸೇರಿ ಕೂಗಿದ್ದು ಕೇಳಿಸಿತು. ಸೀನ ಫೋನನ್ನು ಬೆನ್ನಿನ ಕೆಳಗೆ ಹಾಕಿಕೊಂಡು ಮಲಗಿದ. ಈ ಗುಂಪಿನಲ್ಲಿ ಕಾಣದ್ದನ್ನು ಕಾಣಲಿಲ್ಲ ಅಂತ ಹೇಳಿದವನು ಇವನೊಬ್ಬನೇ ಅಂತ ನನಗೆ ಆಗ ಹೊಳೆಯಿತು. ಹೇಳಲಿಲ್ಲ, ತಲೆ ಮೇಲೆ ಕೂತುಬಿಡುತ್ತಾನೆ.

"ಮೂವತ್ತೆಂಟು" ಅಂದ ನಾಣಿ.

"ಎಲ್ಲಿ?"