ಶೆಟ್ಟರ ಡಿಸ್ಕಿಗೆ ಹೊಸ ನಾಮಫಲಕ

ಮುಂಬಯಿಯ ಲೋಕಲ್ ರೈಲುಗಳಿಗೆ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಯ ತಡೆ, ಇದ್ದ ಭಾನುವಾರವಾದ್ದರಿಂದ ಡೊಂಬಿವಲಿಯ ಶೆಟ್ಟರು ಮಾಟುಂಗಾದ ಹೋಟೆಲಿಗೆ ತಡವಾಗಿ ಬಂದರು. ಬಂದವರು ಇಡ್ಲಿಯನ್ನೂ ಹೇಳದೆ ಕುಳಿತದ್ದರಿಂದ ಸಂಗತಿ ಗಂಭೀರವೆಂದು ನಮಗೆ ಗೊತ್ತಾಯಿತು.

“ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹನ್ನೊಂದನ್ನು ಹಾಕಿಸೋಣವೆಂದು ಹೋದರೆ, ನಿಮ್ಮ ಡಿಸ್ಕು ಹಳೆಯ ಎಂಬಿಆರ್ ಮಾದರಿಯದು, ಅದು ಹೊಸ ಜಿಪಿಟಿ ಮಾದರಿಯದಾಗಬೇಕಾದರೆ ಎಲ್ಲವನ್ನೂ ಅಳಿಸಬೇಕು ಎನ್ನುತ್ತಾನೆ ಅಂಗಡಿಯವನು. ಮಗಳ ಮದುವೆಯ ವಿಡಿಯೊ ಅದರಲ್ಲೇ ಇದೆ, ಮಾರಾಯರೇ!”

“ಅಳಿಸಬೇಕಾಗಿಲ್ಲ” ಎಂದ ಸುಧಾಕರ. ಅವನ ಉದ್ಯೋಗವೇ ಕಂಪ್ಯೂಟರಿನದು. ಉಚಿತ ಸಲಹೆಯ ಬೆಲೆಯಾಗಿ ಅವನು ಮೊದಲು ಕಾಫಿ ತರಿಸಿಕೊಳ್ಳುತ್ತಾನೆ. “ಎಂಬಿಆರ್ ಎನ್ನುವುದು 1983ರ ಏರ್ಪಾಡು. ಡಿಸ್ಕನ್ನು ಯಾವ ಯಾವ ಪಾರ್ಟಿಷನ್‌ಗಳಾಗಿ, ಅಂದರೆ ಕೋಣೆಗಳಾಗಿ, ಹಂಚಿದೆಯೆಂಬ ಪಟ್ಟಿ ಡಿಸ್ಕಿನ ಮೊದಲ 512 ಬೈಟುಗಳಲ್ಲಿ ಇರುತ್ತದೆ. ನಿಮ್ಮ ಸೊಸೈಟಿಯ ಬಾಗಿಲಲ್ಲಿರುವ ನಾಮಫಲಕದಂತೆ. ಆದರೆ ಅದರಲ್ಲಿ ನಾಲ್ಕೇ ಹೆಸರಿಗೆ ಜಾಗ, ಎರಡು ಟೆರಾಬೈಟಿನಾಚೆಗೆ ಏನಿದ್ದರೂ ಅದರ ಲೆಕ್ಕಕ್ಕೆ ಸಿಗದು. ಜಿಪಿಟಿಯ ಫಲಕದಲ್ಲಿ 128 ಹೆಸರು ಹಿಡಿಯುತ್ತವೆ, ಅದರ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಫಲಕ ಬದಲಾಯಿಸಲು ಮನೆಯವರನ್ನೆಲ್ಲ ಬೀದಿಗೆ ಹಾಕುತ್ತಾರೆಯೇ?”

“ನಮ್ಮ ಸೊಸೈಟಿಯ ಕಾರ್ಯದರ್ಶಿ ಹಾಕಿದರೂ ಹಾಕಿಯಾನು” ಎಂದರು ಶೆಟ್ಟರು.

ಬ್ಯಾಂಕಿನಿಂದ ನಿವೃತ್ತರಾದ, ಯಾವ ಮಾತನ್ನೂ ಪುರಾವೆಯಿಲ್ಲದೆ ನಂಬದ ಕುಲಕರ್ಣಿಯವರು ಚಮಚೆಯನ್ನು ಕೆಳಗಿಟ್ಟರು. “ಹಾಗಾದರೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಜಿಪಿಟಿಗೆ ಬದಲಿಸುವ ಆಯ್ಕೆ ಮಸುಕಾಗಿರುತ್ತದಲ್ಲ, ಅದೇಕ್ರೀ?”

“ಅದು ಖಾಲಿ ಡಿಸ್ಕಿಗೆ ಮಾತ್ರ. ಅಂಗಡಿಯವನಿಗೆ ಗೊತ್ತಿರುವುದು ಅದು ಮತ್ತು ಡಿಸ್ಕನ್ನು ಖಾಲಿ ಮಾಡುವ ಡಿಸ್ಕ್‌ಪಾರ್ಟಿನ ಕ್ಲೀನ್ ಆಜ್ಞೆ, ಎರಡೇ. ವಿಂಡೋಸ್ ಇರುವ ಡಿಸ್ಕಿಗಾಗಿ ಎಂಬಿಆರ್2ಜಿಪಿಟಿ ಎಂಬ ಉಪಕರಣವನ್ನು ಮೈಕ್ರೋಸಾಫ್ಟ್ 2017ರಿಂದಲೇ ವಿಂಡೋಸಿನೊಳಗೆ ಇಟ್ಟಿದೆ. ವ್ಯಾಲಿಡೇಟ್ ಎಂದು ಸೇರಿಸಿ ಓಡಿಸಿದರೆ ಅದು ಪರೀಕ್ಷೆ ಮಾಡುತ್ತದೆಯೇ ಹೊರತು ಏನನ್ನೂ ಮುಟ್ಟುವುದಿಲ್ಲ. ಪಾಸಾದರೆ ಮಾತ್ರ ಕನ್ವರ್ಟ್. ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದನ್ನು ಮೊದಲು ಸ್ಥಗಿತಗೊಳಿಸಬೇಕು. ಪ್ರೈಮರಿ, ಅಂದರೆ ಫಲಕದಲ್ಲಿ ನೇರವಾಗಿ ಹೆಸರಿರುವ, ಪಾರ್ಟಿಷನ್‌ಗಳು ಮೂರಕ್ಕಿಂತ ಹೆಚ್ಚಿರಬಾರದು, ಎಕ್ಸ್‌ಟೆಂಡೆಡ್ ಅಂತೂ ಇರಲೇಬಾರದು.”

“ನನ್ನದರಲ್ಲಿ ಸಿ, ಡಿ, ಇ, ಎಫ್, ಜಿ ಎಲ್ಲ ಇವೆ.”

“ನಾಲ್ಕು ಹೆಸರಿನ ಫಲಕದಲ್ಲಿ ಐದು ಸಂಸಾರ! ಅಂದಮೇಲೆ ಒಂದು ಫ್ಲ್ಯಾಟು ಎಕ್ಸ್‌ಟೆಂಡೆಡ್, ಅದರೊಳಗೆ ಉಳಿದವರು ಪೇಯಿಂಗ್ ಗೆಸ್ಟುಗಳು. ಅವರ ಸಾಮಾನನ್ನು ಬೇರೆ ಕಡೆ ನಕಲು ಮಾಡಿ, ಆ ಪಾರ್ಟಿಷನ್‌ಗಳನ್ನು ತೆಗೆದ ಮೇಲೆಯೇ ಪರೀಕ್ಷೆ ಪಾಸಾಗುವುದು. ಹೇಗೂ ಇಡೀ ಡಿಸ್ಕಿನ ಬ್ಯಾಕಪ್ ಇರಬೇಕು. ಮದುವೆಯ ವಿಡಿಯೊಕ್ಕೆ ನಕಲಿದೆಯೇ?”

ಶೆಟ್ಟರ ಮುಖ ಅರಳಿತು. “ಇಲ್ಲದೆ ಏನು? ಇ ಡ್ರೈವಿನಲ್ಲೊಂದು, ಎಫ್ ಡ್ರೈವಿನಲ್ಲೊಂದು.”

ಕುಲಕರ್ಣಿಯವರು ಕಣ್ಣು ಮುಚ್ಚಿದರು. ಒಂದೇ ಡಿಸ್ಕಿನ ಎರಡು ಕೋಣೆಗಳಲ್ಲಿ ಇಟ್ಟ ನಕಲನ್ನು ಬ್ಯಾಕಪ್ ಎಂದು ಕರೆಯುವ ಧೈರ್ಯ, ನನಗೆ ಕಂಡಂತೆ, ಬಹುಮಟ್ಟಿಗೆ ಸುಖವಾಗಿ ನಿದ್ರೆ ಮಾಡುವವರಿಗೇ ಇರುತ್ತದೆ. ಹೊರಗಿನ ಯುಎಸ್‌ಬಿ ಡಿಸ್ಕೊಂದನ್ನು ಕೊಳ್ಳುವುದೆಂದು ತೀರ್ಮಾನವಾಯಿತು.

“ಕೊನೆಯ ಮಾತು” ಎಂದ ಸುಧಾಕರ. “ಬದಲಾವಣೆ ಮುಗಿದ ಮೇಲೆ ಬಯಾಸಿಗೆ, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಮೂಲ ಸೆಟ್ಟಿಂಗಿಗೆ, ಹೋಗಿ ಲೆಗಸಿ ಎಂಬ ಹಳೆಯ ಕ್ರಮವನ್ನು ಯುಇಎಫ್‌ಐ ಎಂಬ ಹೊಸ ಕ್ರಮಕ್ಕೆ ಬದಲಿಸಬೇಕು. ಮರೆತರೆ ಕಂಪ್ಯೂಟರು ಏಳುವುದೇ ಇಲ್ಲ, ಬೂಟ್ ಡಿಸ್ಕೇ ಇಲ್ಲವೆನ್ನುತ್ತದೆ. ಎಲ್ಲ ಹೋಯಿತೆಂದು ಜನ ಅಳುತ್ತಾರೆ. ಒಳಗೆ ಎಲ್ಲವೂ ಹಾಗೆಯೇ ಇರುತ್ತದೆ.”

ಶೆಟ್ಟರು ಬೆವರೊರೆಸಿಕೊಂಡರು. “ನಮ್ಮ ಭಾವನ ಡಿಸ್ಕನ್ನು ಜಿಪಿಟಿ ಮಾಡಿದವನು ಹಾಗೆಯೇ, ಏಳುತ್ತಿಲ್ಲವೆಂದು ಹೇಳಿ ಎಲ್ಲವನ್ನೂ ಫಾರ್ಮ್ಯಾಟ್ ಮಾಡಿ ಎರಡು ಸಾವಿರ ರೂಪಾಯಿ ತೆಗೆದುಕೊಂಡ. ಅಂದರೆ ಫೋಟೊಗಳೆಲ್ಲ ಒಳಗೇ ಇದ್ದವೇ?”

“ಇದ್ದಿರಬೇಕು. ಹೋಗಿ ಕೇಳಿ ಅವನನ್ನು.”

“ಕೇಳುವ ಹಾಗಿಲ್ಲ ಮಾರಾಯರೇ” ಎಂದು ಶೆಟ್ಟರು ಕೊನೆಗೂ ಇಡ್ಲಿಗೆ ಕೈಮಾಡಿದರು. “ಕಳೆದ ಮೇ ತಿಂಗಳಲ್ಲಿ ಭಾವ ಅವನನ್ನೇ ಅಳಿಯನನ್ನಾಗಿ ಮಾಡಿಕೊಂಡಿದ್ದಾರೆ.”